ಬೆಳಕು ಬಿದ್ದರೆ ಬಿಟ್ಟುಕೊಳ್ಳುವ ಅಂಟು ನಿಜವಾಗಿಯೂ ಇದೆಯೇ? ಗಾಯದ ಪಂಪಿಗೆ ಅದು ಆಗಿಬರುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಮಟ್ಟಿಗೆ ಇಷ್ಟು: ತಂದೆಯವರಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯಕ್ಕೆ ವ್ಯಾಕ್ಯೂಮ್ ಡ್ರೆಸಿಂಗ್ (ಗಾಯವನ್ನು ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿ ಪಂಪಿನಿಂದ ಹೀರುವ ಪಟ್ಟಿ, ಚಿಕ್ಕದಾಗಿ ‘ವ್ಯಾಕ್’) ಹಾಕಿ, ಅದರ ಮೇಲೆಯೇ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಪಂಪು ಅಂಟಿಸಿದ್ದಾರೆ. ಪಂಪು ಕೀಳುವಾಗ ಡ್ರೆಸಿಂಗೂ ಎದ್ದು ಬಂದು ಅವರು ಕಿರುಚಿಕೊಳ್ಳುತ್ತಾರೆ. ಬೆಳಕು ಹಾಯಿಸಿದರೆ ಬಿಟ್ಟುಕೊಳ್ಳುವ ಅಂಟು ಇದೆ ಎಂದು ಎಲ್ಲೋ ಓದಿದ್ದೀರಿ. ಅದು ನಿಜವೇ, ಮನೆಯಲ್ಲೇ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಿಡಿದರೆ ಕೆಲಸ ಆದೀತೇ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಆಗುವುದಿಲ್ಲ. ಟಾರ್ಚ್ ತರಲು ಎಸ್.ಪಿ. ರೋಡಿಗೆ ಹೋಗಬೇಡಿ. ಈಗ ಅವರ ಕಾಲಿನ ಮೇಲಿರುವುದು ಬಹುಮಟ್ಟಿಗೆ ಮಾಮೂಲಿ ಅಕ್ರಿಲಿಕ್ ಅಂಟು, ಇಲ್ಲವೇ ಸಿಲಿಕೋನ್. ಎರಡೂ ಬೆಳಕಿಗೆ ಜಗ್ಗುವಂಥವಲ್ಲ. ಅರ್ಧ ಗಂಟೆ ಟಾರ್ಚ್ ಹಿಡಿದರೂ ಅಂಟು ಹಾಗೇ ಇರುತ್ತದೆ, ಕೆಡುವುದು ನಿಮ್ಮ ಕಣ್ಣು.

ಬೆಳಕಿಗೆ ಬಿಡುವ ಅಂಟು ಮಾತ್ರ ನಿಜ. ಅದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಆದರೆ ಆಸ್ಪತ್ರೆಯಲ್ಲಲ್ಲ.

ನಾನು ಪೀಣ್ಯದಲ್ಲಿ ಟೇಪ್ ಘಟಕವೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಜಂಬೋ ರೋಲ್ ತರಿಸಿ, ಸ್ಲಿಟಿಂಗ್ ಮಾಡಿ, ಡೈ ಕಟ್ ಮಾಡಿ, ಕೇಳಿದ ಆಕಾರಕ್ಕೆ ಕತ್ತರಿಸಿ ಕೊಡುವ ಕೆಲಸ. ದಿನವೂ ಪೀಲ್ ಟೆಸ್ಟ್ ಮಾಡುತ್ತೇವೆ: 25 ಮಿಲಿಮೀಟರ್ ಅಗಲದ ಪಟ್ಟಿಯನ್ನು ಸ್ಟೀಲ್ ತಗಡಿಗೆ ಅಂಟಿಸಿ, ನಿಮಿಷಕ್ಕೆ 300 ಮಿಲಿಮೀಟರ್ ವೇಗದಲ್ಲಿ ಹಿಂದಕ್ಕೆ ಮಡಚಿ ಎಳೆಯುವುದು, ಎಷ್ಟು ಬಲ ಬೇಕಾಯಿತೆಂದು ಬರೆದುಕೊಳ್ಳುವುದು. ಇಷ್ಟೆಲ್ಲ ಗೊತ್ತಿದ್ದವನು ಎರಡು ವರ್ಷದ ಹಿಂದೆ ಅಮ್ಮನ ಹಿಮ್ಮಡಿಗೆ ವ್ಯಾಕ್ ಹಾಕಿದಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮೊದಲ ಸಲ ಬದಲಾಯಿಸಲು ಬಂದ ಹುಡುಗ, ದಿನದ ಕ್ಯಾಲೆಂಡರಿನ ಹಾಳೆ ಹರಿಯುವ ಹಾಗೆ ಆ ಪ್ಲಾಸ್ಟಿಕ್ ಹಾಳೆಯನ್ನು ಪರ್ರನೆ ಎಳೆದ. ಸುತ್ತಲಿನ ಚರ್ಮದ ಮೇಲ್ಪದರ ಅದರ ಜೊತೆಗೇ ಬಂತು. ಅಮ್ಮ ಅಳಲಿಲ್ಲ. "ಒಂದು ಗಾಯ ಇತ್ತು, ಈಗ ನಾಲ್ಕಾಯ್ತಲ್ಲೋ" ಅಂದರು. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅವನ ತಪ್ಪಿಗಿಂತ ನನ್ನದೇ ದೊಡ್ಡದು, ನಿಧಾನ ಎಳೆಯಪ್ಪಾ ಎನ್ನಲು ನನಗೆ ಬಾಯಿ ಇತ್ತು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡು ಅಂಟು ಇವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಡ್ರೆಸಿಂಗಿನ ಹಾಳೆ ಚರ್ಮಕ್ಕೆ ಹಿಡಿದಿರುವುದು ಒಂದು. ಪಂಪು ಡ್ರೆಸಿಂಗಿಗೆ ಹಿಡಿದಿರುವುದು ಇನ್ನೊಂದು. ನಿಮ್ಮ ತಂದೆಯವರ ತೊಂದರೆ ಶುರುವಾಗುವುದು ಎರಡನೆಯದರಲ್ಲಿ, ನೋವಾಗುವುದು ಮೊದಲನೆಯದರಲ್ಲಿ.

ಪಂಪಿನ ಆಯುಸ್ಸು ಹೆಚ್ಚು, ಡ್ರೆಸಿಂಗಿನದು ಕಡಿಮೆ. ಗಾಯದೊಳಗೆ ಫೋಮ್ (ಸ್ಪಂಜು) ಇಟ್ಟ ವ್ಯಾಕ್ ಡ್ರೆಸಿಂಗನ್ನು ಸಾಮಾನ್ಯವಾಗಿ ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು, ಬಿಟ್ಟರೆ ಹೊಸ ಮಾಂಸ ಫೋಮಿನ ರಂಧ್ರದೊಳಗೆ ಬೆಳೆದುಕೊಳ್ಳುತ್ತದೆ. ಈ ಚಿಕಿತ್ಸೆಯನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಅರ್ಜೆಂಟಾ ಮತ್ತು ಮೋರಿಕ್ವಾಸ್. 1997ರಲ್ಲಿ ಅವರು ಪ್ರಕಟಿಸಿದ 125 ಮಿಲಿಮೀಟರ್ ಪಾದರಸದ ಹೀರುವಿಕೆಯೇ ಇವತ್ತಿಗೂ ಮಾಮೂಲಿ ಲೆಕ್ಕ. ಆಗ ಯಂತ್ರ ಹಾಸಿಗೆಯ ಪಕ್ಕದಲ್ಲಿರುತ್ತಿತ್ತು. ಈಗ ಜೇಬಿಗೆ ಬಂದಿದೆ, ಕೆಲವು 80 ಮಿಲಿಮೀಟರಿಗೇ ಕೆಲಸ ಮಾಡುತ್ತವೆ. ಮುಂದಿನ ಹೆಜ್ಜೆಯೇ ಕೊಳವೆಯನ್ನೂ ತೆಗೆದು ಪಂಪನ್ನು ಡ್ರೆಸಿಂಗಿನ ಬೆನ್ನಿಗೆ ಕೂರಿಸುವುದು. ಅಮ್ಮನ ಕೊಳವೆ ಅಡುಗೆಮನೆ ಬಾಗಿಲಿನ ಚಿಲಕಕ್ಕೆ ಎಷ್ಟು ಸಲ ಸಿಕ್ಕಿಕೊಂಡಿತೋ ಲೆಕ್ಕವಿಲ್ಲ, ಹಾಗಾಗಿ ಕೊಳವೆ ಇಲ್ಲದಿದ್ದರೆ ಎಷ್ಟು ಸುಖ ಎಂದು ನನಗೆ ಗೊತ್ತು.

ಆದರೆ ಕೂರಿಸಿದ ಪಂಪನ್ನು ಹಳೆಯ ಡ್ರೆಸಿಂಗಿನಿಂದ ಬಿಡಿಸಿ ಹೊಸದಕ್ಕೆ ಹಾಕಬೇಕಲ್ಲ? ಗಟ್ಟಿ ಅಂಟಾದರೆ ಎಳೆತ ಗಾಯಕ್ಕೆ ಹೋಗುತ್ತದೆ. ಸಡಿಲ ಅಂಟಾದರೆ ಮಗ್ಗುಲಾದಾಗ ಪಂಪು ಕಳಚಿ ಬೀಳುತ್ತದೆ. ವೆಲ್‌ಕ್ರೋ ಹಾಕಬಹುದು, ಆದರೆ ಅದನ್ನು ಬಿಡಿಸುವುದೂ ಎಳೆದೇ, ಹಾಳೆಯ ಅಂಚು ಒಂದು ಕೂದಲಿನಷ್ಟು ಎದ್ದರೂ ಗಾಳಿ ನುಗ್ಗಿ ಅಲಾರಂ ಹೊಡೆದುಕೊಳ್ಳುತ್ತದೆ. ಇರುವಷ್ಟು ದಿನ ಬಿಗಿಯಾಗಿದ್ದು, ಬೇಕೆಂದ ಗಳಿಗೆಯಲ್ಲಿ ಎಳೆಸದೆ ಬಿಡಬೇಕು. ಬೆಳಕಿನ ಅಂಟಿನ ಆಸೆ ಹುಟ್ಟಿದ್ದು ಇಲ್ಲಿ.

ಬೆಳಕು ಬಿದ್ದಾಗ ಅಂಟು ಕರಗುತ್ತದೆ ಅಥವಾ ಸತ್ತುಹೋಗುತ್ತದೆ ಎಂದು ಹೆಚ್ಚಿನವರು ಊಹಿಸುತ್ತಾರೆ. ಆಗುವುದು ತದ್ವಿರುದ್ಧ. ಅದು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದರಿಂದಲೇ ಬಿಡುತ್ತದೆ.

ಕಾವಲಿಯ ಮೇಲಿನ ದೋಸೆಯನ್ನು ನೆನೆಸಿಕೊಳ್ಳಿ. ಹಿಟ್ಟು ಹಸಿಯಾಗಿದ್ದಾಗ ಎಬ್ಬಿಸಲು ಹೋದರೆ ಕಾವಲಿಗೆ ಮೆತ್ತಿಕೊಂಡು ಕಿತ್ತು ಬರುತ್ತದೆ. ಬೆಂದ ಮೇಲೆ ಅದೇ ದೋಸೆ ತಾನೇ ಅಂಚು ಬಿಡುತ್ತದೆ, ಸೌಟು ತಾಗಿಸಿದರೆ ಸಾಕು. ಟೇಪಿನ ಅಂಟೂ ಅಷ್ಟೇ. ಅದು ಅಂಟುವುದು ಮೆತ್ತಗಿರುವುದರಿಂದ: ಮೇಲ್ಮೈಯ ಸಣ್ಣ ತಗ್ಗುಗಳಿಗೆಲ್ಲ ಹರಿದು ಕೂರುತ್ತದೆ, ಎಳೆದಾಗ ಹಲಸಿನ ಮೇಣದ ಹಾಗೆ ನೂಲು ನೂಲಾಗಿ ಜಗ್ಗುತ್ತದೆ. ನಾವು ಎಳೆಯಲು ಹಾಕುವ ಶಕ್ತಿಯೆಲ್ಲ ಆ ನೂಲುಗಳನ್ನು ಜಗ್ಗಿಸುವುದಕ್ಕೇ ಖರ್ಚಾಗುತ್ತದೆ, ಅದಕ್ಕೇ ಅಷ್ಟು ಬಲ ಬೇಕು. 3ಎಂ ಕಂಪನಿಯ ಕಾರ್ಲ್ ಡಾಲ್‌ಕ್ವಿಸ್ಟ್ 1960ರ ದಶಕದಲ್ಲಿ ಇದಕ್ಕೊಂದು ಗಡಿ ಹಾಕಿಕೊಟ್ಟರು. ಅಂಟಿನ ಬಿಗುಪು ಸುಮಾರು 3 ಲಕ್ಷ ಪ್ಯಾಸ್ಕಲ್ ದಾಟಿದರೆ, ಬರೀ ಒತ್ತಿದ ಮಾತ್ರಕ್ಕೆ ಅದು ಹಿಡಿಯುವುದಿಲ್ಲ. ಟೇಪಿನವರೆಲ್ಲ ಈ ಗಡಿಯ ಆಚೀಚೆಯೇ ಬದುಕುವುದು.

ಬೆಳಕಿನ ಅಂಟಿನಲ್ಲಿ ಅಕ್ರಿಲಿಕ್ ಸರಪಳಿಗಳಿಗೆ ಇನ್ನೂ ಕೂಡಿಕೊಳ್ಳದ ಕೊಂಡಿಗಳನ್ನು ಮೊದಲೇ ಜೋಡಿಸಿಟ್ಟಿರುತ್ತಾರೆ, ಜೊತೆಗೆ ಬೆಳಕು ಹೀರುವ ಪದಾರ್ಥ ಚೂರು. ಬೆಳಕು ಬಿದ್ದೊಡನೆ ಕೊಂಡಿಗೆ ಕೊಂಡಿ ಬೆಸೆದು ಇಡೀ ಪದರ ಬಲೆಯಾಗುತ್ತದೆ. ಇನ್ನು ಹರಿಯಲಾರದು, ನೂಲಾಗಿ ಜಗ್ಗಲಾರದು, ಬೆಸೆಯುವಾಗ ತುಸು ಕುಗ್ಗುವುದೂ ಉಂಟು. ದೋಸೆ ಅಂಚು ಬಿಟ್ಟಂತೆಯೇ.

ನಾನು ಇದನ್ನು ಕಂಡದ್ದು ಚಿಪ್ ಕತ್ತರಿಸುವ ಕಡೆ. ನಮ್ಮ ಗಿರಾಕಿಯೊಬ್ಬರ ಘಟಕದಲ್ಲಿ ಸಿಲಿಕಾನ್ ಬಿಲ್ಲೆಯನ್ನು ಸ್ಟೀಲ್ ಬಳೆಗೆ ಬಿಗಿದ ಟೇಪಿನ ಮೇಲೆ ಅಂಟಿಸಿ, ವಜ್ರದ ಪುಡಿ ಕೂರಿಸಿದ ತೆಳು ಚಕ್ರದಿಂದ ನೀರು ಹಾಯಿಸುತ್ತಾ ಕೊಯ್ಯುತ್ತಿದ್ದರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಆ ಚಕ್ರ ತಾಗಿದರೂ ಎಳ್ಳಷ್ಟು ಚಿಪ್ಪೂ ಅಲುಗುವುದಿಲ್ಲ. ಆಮೇಲೆ ಟೇಪಿನ ಬೆನ್ನಿನಿಂದ 365 ನ್ಯಾನೋಮೀಟರ್ ತರಂಗಾಂತರದ ಯುವಿ ಬೆಳಕು ಕೊಟ್ಟರೆ, ಅದೇ ಚಿಪ್ಪನ್ನು ಕೆಳಗಿಂದ ಸೂಜಿಯಲ್ಲಿ ತುಸು ಎತ್ತಿ ಮೇಲಿಂದ ಹೀರಿಕೊಂಡು ಹೋಗಬಹುದು, ಹಿಂದೆ ಅಂಟಿನ ಗುರುತೂ ಉಳಿಯುವುದಿಲ್ಲ. ಅಂದರೆ ನಿಮ್ಮ ಕೈಯಲ್ಲಿರುವ ಫೋನಿನ ಚಿಪ್ಪುಗಳಲ್ಲೂ ಇಂಥ ಟೇಪಿನಿಂದ ಎದ್ದು ಬಂದವು ಇರಬಹುದು. ಹೊಸತೇನಲ್ಲ.

ಗಾಯಕ್ಕೆ ಇದೇ ಉಪಾಯ ಹೂಡಿದವರೂ ಹೊಸಬರಲ್ಲ. ಬ್ರಿಟನ್ನಿನ ಸ್ಮಿತ್ ಅಂಡ್ ನೆಫ್ಯೂ ಕಂಪನಿಯವರು 1990ರ ದಶಕದಲ್ಲೇ ನೋವಿಲ್ಲದೆ ತೆಗೆಯುವ ಇಂಥ ಅಂಟಿನ ಮೇಲೆ ಕೆಲಸ ಮಾಡಿದ್ದರು. ಹಾಗಾದರೆ ಮೂಲೆಮೂಲೆಯ ಮೆಡಿಕಲ್ ಸ್ಟೋರಿಗೂ ಯಾಕೆ ಬರಲಿಲ್ಲ? ಅಮ್ಮನಿಗಾಗಿ ನಾನೂ ಜಯನಗರ, ರಾಜಾಜಿನಗರ ಸುತ್ತಿದೆ, ಅಂಗಡಿಯವರು ನನ್ನ ಮುಖ ನೋಡಿ ನಕ್ಕರು. ಟೇಪಿನವನಾಗಿ ನನಗೆ ಕಾಣುವ ಅಡ್ಡಿಗಳನ್ನು ಹೇಳುತ್ತೇನೆ.

ಬೇಡದ ಬೆಳಕನ್ನು ತಡೆಯುವುದೇ ದೊಡ್ಡ ತಲೆನೋವು. ಚಿಪ್ ಘಟಕದಲ್ಲಿ ಹಳದಿ ದೀಪ, ಕಪ್ಪು ಚೀಲ ಎಲ್ಲ ಇರುತ್ತದೆ. ನಮ್ಮ ಹಿರಿಯರು ಬೆಳಗಿನ ಬಿಸಿಲಿಗೆ ವರಾಂಡದಲ್ಲಿ ಕಾಲು ಚಾಚಿ ಪೇಪರ್ ಓದುವವರು. ಕಿಟಕಿ ಗಾಜು ಹಾಕಿದ್ದರೂ 365ರ ಆಸುಪಾಸಿನ ಬೆಳಕಿನ ಒಂದು ಪಾಲು ಒಳಗೆ ಬರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಪಂಪು ನೆಲದ ಮೇಲಿದ್ದರೆ? ಫೋಮ್ ವ್ಯಾಕಿನ ಹೀರುವಿಕೆ ಎರಡು ಗಂಟೆಗಿಂತ ಹೆಚ್ಚು ನಿಂತಿರಬಾರದು, ಅದು ಬರೀ ಕಿರಿಕಿರಿಯ ಮಾತಲ್ಲ. ಹಾಗಾಗಿ ಮೇಲೊಂದು ಕಪ್ಪು ಹೊದಿಕೆ ಬೇಕು, ಬದಲಾಯಿಸುವಾಗ ಮಾತ್ರ ಅದನ್ನು ಸುಲಿದು ಬೆಳಕು ಕೊಡಬೇಕು.

ಪಂಪಿನ ಕೆಳಗಾದರೆ ಈ ತಲೆನೋವು ಅರ್ಧ ಕಡಿಮೆ. ಪಂಪೇ ನೆರಳು! ಆದರೆ ಅದೇ ನೆರಳು ಬೇಕಾದ ಬೆಳಕನ್ನೂ ತಡೆಯುತ್ತದೆ. ನಾನು ಮಾಡುವುದಾದರೆ ಪಂಪಿನ ತಳವನ್ನು ಪಾರದರ್ಶಕ ಮಾಡಿ, ಒಳಗೇ ನಾಲ್ಕು ಎಲ್ಇಡಿ ಕೂರಿಸಿ, ಸಿಸ್ಟರ್ ಗುಂಡಿಯನ್ನು ಒಂದಷ್ಟು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಹೊತ್ತಿಕೊಳ್ಳುವ ಹಾಗೆ ಮಾಡುತ್ತಿದ್ದೆ. ಯುವಿ ಬದಲು ನೀಲಿ ಬೆಳಕನ್ನೇ ಆರಿಸುತ್ತಿದ್ದೆ. ಹಲ್ಲಿನ ಡಾಕ್ಟರು ಸಿಮೆಂಟು ತುಂಬಿ ನೀಲಿ ದೀಪ ಹಿಡಿಯುತ್ತಾರಲ್ಲ, ಅದು 470 ನ್ಯಾನೋಮೀಟರಿನ ಹತ್ತಿರದ್ದು, ಅಲ್ಲಿ ನಡೆಯುವುದೂ ಇದೇ ಬೆಸುಗೆ.

ಇನ್ನೊಂದು ಅಡ್ಡಿ ಗಾಳಿ. ಆಮ್ಲಜನಕ ಈ ಬೆಸುಗೆಯನ್ನು ತಡೆಯುತ್ತದೆ, ಹಾಗಾಗಿ ಗಾಳಿ ತಾಗುವ ಅಂಚು ಸ್ವಲ್ಪ ಜಿಗುಟಾಗಿಯೇ ಉಳಿಯುತ್ತದೆ. ಚಿಪ್ಪಿಗೆ ಪರವಾಗಿಲ್ಲ, ಗಾಯದ ಪಕ್ಕದಲ್ಲಿ ಆ ಉಳಿದ ಜಿಗುಟೇ ಎಳೆತ.

ಮತ್ತೊಂದು, ಚರ್ಮ. ಬೆಸೆಯದೆ ಉಳಿದ ಅಕ್ರಿಲೇಟುಗಳು ಕೆಲವರಿಗೆ ಅಲರ್ಜಿ ತರುತ್ತವೆ. ಪಾರ್ಲರುಗಳಲ್ಲಿ ಜೆಲ್ ನೈಲ್ ಹಾಕುವ ಹೆಣ್ಣುಮಕ್ಕಳನ್ನು, ದಂತವೈದ್ಯರನ್ನು ಕೇಳಿ ನೋಡಿ. ಹೀಗಾಗಿ ಬೆಳಕಿನ ಅಂಟು ನೇರ ಚರ್ಮಕ್ಕೆ ಹಚ್ಚುವುದಕ್ಕಿಂತ ಪಂಪು ಮತ್ತು ಡ್ರೆಸಿಂಗಿನ ನಡುವೆ ಇರುವುದೇ ಸರಿಯಾದ ಜಾಗ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚರ್ಮಕ್ಕೆ ಮೃದು ಸಿಲಿಕೋನ್ ಇದ್ದೇ ಇದೆ.

ಒಮ್ಮೆ ಬೆಂದ ದೋಸೆ ಮತ್ತೆ ಹಿಟ್ಟಾಗುವುದಿಲ್ಲ, ಈ ಅಂಟೂ ಹಾಗೇ. ಪ್ರತಿ ಸಲ ಹೊಸ ಅಂಟುಬಿಲ್ಲೆ ಬೇಕು. ಬೆಳಕಿಗೆ ನಿಜವಾಗಿಯೂ ಕರಗುವ ಜಾತಿಯೂ ಬೇರೆ ಇದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಶೋಹೇ ಸೈಟೊ ಅವರ ತಂಡ 2016ರಲ್ಲಿ ಪ್ರಕಟಿಸಿದ್ದು ಅಂಥದ್ದು, ಯುವಿ ಬಿದ್ದರೆ ಬಿಸಿಯಿಲ್ಲದೆಯೇ ಮೆತ್ತಗಾಗುತ್ತದೆ. ಅದು ಲ್ಯಾಬಿನ ಮಾತು, ನಿಮ್ಮ ತಂದೆಯವರಿಗೆ ಈ ವಾರ ಉಪಯೋಗವಿಲ್ಲ.

ಈ ವಾರಕ್ಕೆ ಉಪಯೋಗವಾಗುವುದನ್ನು ಹೇಳುತ್ತೇನೆ. ಎರಡನೇ ಸಲದಿಂದ ಅಮ್ಮನಿಗೆ ಮನೆಗೆ ಬರುತ್ತಿದ್ದ ಸಿಸ್ಟರ್ ಮಾಡಿದ್ದು ಇದನ್ನೇ. ಅವರು ಹಾಳೆಯನ್ನು ಮೇಲಕ್ಕೆ ಎತ್ತುತ್ತಲೇ ಇರಲಿಲ್ಲ. ಅಂಚು ಬಿಡಿಸಿಕೊಂಡು ಚರ್ಮಕ್ಕೆ ಸಮಾನಾಂತರವಾಗಿ, ರಬ್ಬರ್ ಎಳೆದ ಹಾಗೆ ಅಡ್ಡಕ್ಕೆ ಜಗ್ಗುತ್ತಿದ್ದರು, ಇನ್ನೊಂದು ಕೈಯ ಬೆರಳು ಪಕ್ಕದ ಚರ್ಮವನ್ನು ಒತ್ತಿ ಹಿಡಿದಿರುತ್ತಿತ್ತು. ತೀರಾ ನಿಧಾನ. ಅಂಟನ್ನು ವೇಗವಾಗಿ ಎಳೆದಷ್ಟೂ ಹೆಚ್ಚು ಬಲ ಬೇಕು, ಇದನ್ನು ನನ್ನ ಯಂತ್ರ ದಿನಾ ತೋರಿಸುತ್ತದೆ, ಆದರೂ "ಒಂದೇ ಏಟಿಗೆ ಕಿತ್ತುಬಿಡಿ" ಅನ್ನುವ ಬುದ್ಧಿವಂತರು ಎಲ್ಲ ಮನೆಯಲ್ಲೂ ಇರುತ್ತಾರೆ. ಸಿಲಿಕೋನ್ ಆಧಾರಿತ ಅಂಟು ಬಿಡಿಸುವ ಸ್ಪ್ರೇ ಅಥವಾ ವೈಪ್ ಸಿಗುತ್ತದೆ, ಹೊಸ ಹಾಳೆ ಹಾಕುವ ಮುಂಚೆ ಚರ್ಮಕ್ಕೆ ಹಚ್ಚುವ ತೆಳು ಬ್ಯಾರಿಯರ್ ಫಿಲ್ಮೂ ಸಿಗುತ್ತದೆ. ಎರಡನ್ನೂ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಒಳಗಿನ ಫೋಮ್ ಅಂಟಿಕೊಂಡಿದ್ದರೆ ಸಲೈನ್ ಹಾಕಿ ನೆನೆಸುವುದು ಅವರಿಗೆ ಬಿಟ್ಟದ್ದು, ನೀವು ಕೈ ಹಾಕಬೇಡಿ.

ಕೊಬ್ಬರಿ ಎಣ್ಣೆ? ಅಮ್ಮನೇ ಹೇಳಿದ ಉಪಾಯ, ಹಲಸು ಹೆಚ್ಚುವಾಗ ಕೈಗೆ ಸವರಿಕೊಳ್ಳುತ್ತಿದ್ದವರು. ಹಳೆಯ ಅಂಟು ಬಿಟ್ಟಿತು, ಸರಿ. ಆದರೆ ಎಣ್ಣೆ ಮೆತ್ತಿದ ಚರ್ಮಕ್ಕೆ ಹೊಸ ಹಾಳೆ ಕೂರಲಿಲ್ಲ, ರಾತ್ರಿಯಿಡೀ ಲೀಕ್ ಅಲಾರಂ. ಬೇಡ.

ಪಂಪಿನ ವಿಷಯದಲ್ಲಿ ಒಂದು ನೋಡಿ ಹೇಳಿ: ಅದು ಡ್ರೆಸಿಂಗಿನ ಜೊತೆಗೇ ಬಂದದ್ದೋ, ಅಥವಾ ಆಸ್ಪತ್ರೆಯವರು ಎರಡು ಮುಖದ ಟೇಪಿನಿಂದ ಆಮೇಲೆ ಅಂಟಿಸಿದ್ದೋ? ಆಮೇಲೆ ಅಂಟಿಸಿದ್ದಾದರೆ, ಅಂಟಿಸಲೇಬೇಕೇ ಎಂದು ಕೇಳಿ. ಅಮ್ಮನ ಪಂಪಿಗೆ ನನ್ನ ಹೆಂಡತಿ ಹಳೇ ಪಂಚೆಯಿಂದ ಸಣ್ಣ ಚೀಲ ಹೊಲಿದು ಮೊಣಕಾಲ ಕೆಳಗೆ ಪಟ್ಟಿ ಕಟ್ಟಿಕೊಟ್ಟಿದ್ದಳು, ರಕ್ತ ಓಡಾಡಲು ಅಡ್ಡಿಯಾಗದಷ್ಟು ಸಡಿಲವಾಗಿ, ಡಾಕ್ಟರಿಗೆ ತೋರಿಸಿಯೇ. ಕೊಳವೆ ಸ್ವಲ್ಪ ಉದ್ದವಿದ್ದರೆ ಅಷ್ಟೇ ಸಾಕಾಗುತ್ತದೆ. ಪಂಪಿನ ಫೋಟೊ ಹಾಕಿದರೆ, ಕೆಳಗಿರುವುದು ಯಾವ ಬಗೆಯ ಟೇಪು, ಅದನ್ನು ಯಾವ ದಿಕ್ಕಿಗೆ ಜಗ್ಗಬೇಕು ಎಂದು ನಾನು ಹೇಳಬಲ್ಲೆ.