ಭಾನುವಾರ ಬೇಯಿಸಿಟ್ಟ ಕಾಳು

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಸಂಜೆ ಸುಸ್ತಾಗಿ ಹೊರಗಿನಿಂದ ಊಟ ತರಿಸುವುದು ಜಾಸ್ತಿಯಾಗಿದೆ. ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ಒಳ್ಳೆಯ ಊಟ ಕೊಡುವುದು ಹೇಗೆ?

ಉತ್ತರ: ಒಣ ಕಾಳಿನಿಂದ ಶುರು ಮಾಡಿ. ನಾನು ಶನಿವಾರ ರಾತ್ರಿಯೇ ಕಾಳು ನೆನೆಹಾಕುತ್ತೇನೆ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ, ಬೆರಳಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಬೇಯಿಸುತ್ತೇನೆ. ರಾಜ್ಮಾ ಆದರೆ ಕನಿಷ್ಠ 10 ನಿಮಿಷ ಕೊತಕೊತ ಕುದಿಯಲೇಬೇಕು. ಅರೆಬೆಂದದ್ದು ಹೊಟ್ಟೆ ಕೆಡಿಸುತ್ತದೆ. ಆರಿದ ತಕ್ಷಣ ಡಬ್ಬಿಗೆ ಹಾಕಿಟ್ಟರೆ ಫ್ರಿಜ್‌ನಲ್ಲಿ 3 ದಿನ ಇರುತ್ತದೆ, ಮಿಕ್ಕಿದ್ದು ಫ್ರೀಜರ್‌ಗೆ. ಸಂಜೆ ಈರುಳ್ಳಿ ಬಾಡಿಸಿ, ಮನೆಯಲ್ಲಿದ್ದ ತರಕಾರಿ ಜೊತೆ ಕಾಳು ಸೇರಿಸಿ. ಇಳಿಸಿದ ಮೇಲೆ ನಿಂಬೆರಸ ಹಿಂಡುವುದನ್ನು ಮಾತ್ರ ಬಿಡಬೇಡಿ. ಅದರಲ್ಲಿರುವ ವಿಟಮಿನ್ ಸಿ ಇದ್ದರೆ ಕಾಳಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ.