ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕೆತ್ತನೆ ಮೆಷಿನ್) ಮರದ ಕೋಸ್ಟರ್ (ಲೋಟದ ಕೆಳಗಿಡುವ ಬಿಲ್ಲೆ) ಕೆತ್ತಿದರೆ ಗೆರೆ ಒಂದೇ ಸಮ ಬರುವುದಿಲ್ಲ, ಬಣ್ಣವೂ ಹರಡುತ್ತದೆ. ಮೆಷಿನ್ ಬದಲಾಯಿಸಬೇಕಾ?

ಬೇಡ. 60 ಡಿಗ್ರಿ ವಿ-ಬಿಟ್‌ನಲ್ಲಿ (V ಆಕಾರದ ಕೆತ್ತುವ ಅಲಗು) ಬಳ್ಳಿ ಕೆತ್ತಿದರೆ ಒಂದು ಬದಿ ಗೆರೆ ದಪ್ಪ, ಇನ್ನೊಂದು ಬದಿ ಕೂದಲೆಳೆಯಷ್ಟು, ಮೇಲೆ ಕಪ್ಪು ಬಣ್ಣ ತುಂಬಿದರೆ ಅದು ಮರದೊಳಗೆ ಹರಡುತ್ತದೆ ಅಂತ ಬರೆದಿದ್ದೀರಿ. ಎರಡಕ್ಕೂ ಕಾರಣ ಹೆಚ್ಚಾಗಿ ಮರವನ್ನು ತಯಾರು ಮಾಡಿದ ರೀತಿ. ಮೆಷಿನ್ ಅಲ್ಲ.

ವಿ-ಬಿಟ್ ತುದಿಯಲ್ಲಿ ಚೂಪು, ಮೇಲಕ್ಕೆ ಹೋದಂತೆ ಅಗಲ. ಹಾಗಾಗಿ ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಮೇಲೆ ಗೆರೆಯ ಅಗಲ ನಿಂತಿದೆ. 60 ಡಿಗ್ರಿ ಬಿಟ್ 1 ಮಿ.ಮೀ. ಇಳಿದರೆ ಗೆರೆ ಸುಮಾರು 1.15 ಮಿ.ಮೀ. ಅಗಲ ಬರುತ್ತದೆ, 90 ಡಿಗ್ರಿಯದಾದರೆ 2 ಮಿ.ಮೀ. ಈಗ ನಿಮ್ಮ ಹಲಗೆ ಒಂದು ಮೂಲೆಯಲ್ಲಿ ಬರೀ ಅರ್ಧ ಮಿ.ಮೀ. ತಗ್ಗಿದೆ ಅಂದುಕೊಳ್ಳಿ, ಕೈಗೆ ಗೊತ್ತೇ ಆಗುವುದಿಲ್ಲ, ಆದರೆ ಅಲ್ಲಿ ಗೆರೆ 0.6 ಮಿ.ಮೀ. ಸಣ್ಣ ಆಗಿಬಿಡುತ್ತದೆ. ತೆಳು ಗೆರೆ ಮಾಯವೇ ಆಗಬಹುದು. 90 ಡಿಗ್ರಿ ಬಿಟ್‌ನಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ, ಅದಕ್ಕೇ ಸೂಕ್ಷ್ಮ ಕೆಲಸಕ್ಕೆ ನಿಮ್ಮ 60 ಸರಿಯಾದ ಆಯ್ಕೆ.

ಆದ್ದರಿಂದ ಕೆತ್ತುವ ಮೊದಲು ಅದೇ ಮೆಷಿನ್‌ನಲ್ಲಿ ಅಗಲವಾದ ಚಪ್ಪಟೆ ಬಿಟ್ ಹಾಕಿ ಹಲಗೆಯ ಮೇಲ್ಮೈಯನ್ನು ತೆಳುವಾಗಿ ಹೆರೆಯಿರಿ, ಆಮೇಲೆ ಕೆತ್ತನೆ ಮುಗಿಯುವವರೆಗೆ ಹಲಗೆಯನ್ನು ಅಲ್ಲಿಂದ ಎತ್ತಲೇಬೇಡಿ. ಬಿಟ್ ಬದಲಾಯಿಸಿದಾಗ ಹೆರೆದ ಮೇಲ್ಮೈ ಮೇಲೇ ಝಡ್ ಸೊನ್ನೆಯನ್ನು, ಅಂದರೆ ಆಳವನ್ನು ಅಳೆಯಲು ಶುರುಮಾಡುವ ಮಟ್ಟವನ್ನು, ಮತ್ತೆ ಹಿಡಿಯಬೇಕು. ನಾಲ್ಕು ಮೂಲೆಗೆ ಮಾತ್ರ ಕ್ಲ್ಯಾಂಪ್ ಹಾಕಿದರೆ ತೆಳು ಹಲಗೆಯ ನಡುಭಾಗ ಸ್ವಲ್ಪ ಎದ್ದು ಅದುರುತ್ತದೆ. ಹಲಗೆಯ ಅಡಿಗೂ ಮೆಷಿನ್ ಬೆಡ್ಡಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪಿನ ನಡುವೆ ಸೂಪರ್ ಗ್ಲೂ ಹಾಕಿ ಕೂರಿಸಿ. ನನಗೆ ಇದೇ ಇಷ್ಟ, ಪೂರ್ತಿ ಹಲಗೆ ಒಂದೇ ಸಮ ಹಿಡಿದುಕೊಳ್ಳುತ್ತದೆ.

ಇನ್ನು ಬಣ್ಣ. ಮರದ ನಾರು ಅಂದರೆ ಸಣ್ಣ ಸಣ್ಣ ಕೊಳವೆಗಳು. ಗೆರೆ ಅವನ್ನು ಅಡ್ಡ ಕತ್ತರಿಸಿದ ಜಾಗದಲ್ಲೆಲ್ಲ ಬಾಯಿ ತೆರೆದುಕೊಂಡಿರುತ್ತದೆ, ಬಣ್ಣ ಅಲ್ಲಿಂದಲೇ ಒಳಗೆ ಓಡುತ್ತದೆ. ಕೆತ್ತುವ ಮೊದಲು ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಹಚ್ಚಿದರೆ ಮೇಲ್ಮೈ ಮಾತ್ರ ಮುಚ್ಚುತ್ತದೆ, ಗೆರೆಯ ಗೋಡೆಗಳು ಸೀಲರ್ ಇಲ್ಲದೆ ಹಾಗೇ ಉಳಿಯುತ್ತವೆ ಅಲ್ವಾ? ಕೆತ್ತಿದ ಮೇಲೆ ಹಚ್ಚಿ. ಮೇಣ ತೆಗೆದ ಶೆಲ್ಯಾಕ್ (ಅರಗಿನಿಂದ ಮಾಡಿದ ವಾರ್ನಿಷ್), ತೆಳುವಾಗಿ ಎರಡು ಕೋಟ್, ಗೆರೆಯೊಳಗೂ ಇಳಿಯುವಂತೆ. ಒಣಗಿದ ಮೇಲೆ ಆಕ್ರಿಲಿಕ್ ತುಂಬಿ, ಅದೂ ಪೂರ್ತಿ ಒಣಗಲಿ, ಆಮೇಲೆ ಚಪ್ಪಟೆ ಮರದ ತುಂಡಿಗೆ 180, ನಂತರ 220 ನಂಬರಿನ ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿ. ಉಜ್ಜಿದಷ್ಟೂ ಗೆರೆ ಸಣ್ಣ ಆಗುತ್ತದೆ ಅನ್ನುವುದು ನೆನಪಿರಲಿ. ಅದಕ್ಕೆ ಕೆತ್ತುವಾಗಲೇ ಒಂದು ಚೂರು ಆಳ ಜಾಸ್ತಿ ಕೊಡಿ. ಕೋಸ್ಟರನ್ನು ದುಂಡಗೆ ಕತ್ತರಿಸುವುದು ಕೆತ್ತನೆ ಆದ ಮೇಲೆಯೇ.

ಮರದ ವಿಷಯದಲ್ಲಿ ಮೇಪಲ್, ಬೀಚ್ ತರಹದ ಒತ್ತಾದ ಮರ ತಗೊಳ್ಳಿ. ಓಕ್‌ನಲ್ಲಿ ರಂಧ್ರ ದೊಡ್ಡದು, ಸೀಲ್ ಮಾಡಿದರೂ ಬಣ್ಣ ಕೂರುತ್ತದೆ. ಪೈನ್‌ನಲ್ಲಿ ಮೆತ್ತನೆ ಪಟ್ಟೆ, ಗಟ್ಟಿ ಪಟ್ಟೆ ಪಕ್ಕಪಕ್ಕ ಇರುವುದರಿಂದ ಅಂಚು ಕಿತ್ತುಬರುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಕೆತ್ತಲು ಚೆನ್ನ, ಆದರೆ ನೀರು ಕುಡಿದು ಉಬ್ಬುತ್ತದೆ, ಕೋಸ್ಟರಿಗೆ ಅದು ಬೇಡವೇ ಬೇಡ.

ಡಿಸೈನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಣ್ಣ ತುಂಬದೆ ಬಿಡುವ ಗೆರೆಗಳು ಅಂಚಿನವರೆಗೂ ಹೋಗಲಿ. ತೀರಾ ನುಣುಪಾದ ಕೋಸ್ಟರ್ ತಣ್ಣನೆ ಗ್ಲಾಸಿನ ತಳಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಅಂಚಿನವರೆಗೆ ಗೆರೆ ಇದ್ದರೆ ಗಾಳಿ ನುಗ್ಗುತ್ತದೆ, ಅಂಟುವುದು ಕಡಿಮೆ. ಆದರೆ ತುಂಬಾ ಆಳ ಮಾಡಿದರೆ ಚಹಾ, ಕೊಳೆ ಎಲ್ಲ ಅಲ್ಲೇ ಕೂರುತ್ತದೆ. ನಾನು 1 ಮಿ.ಮೀ. ದಾಟುವುದಿಲ್ಲ.

ಕೊನೆಯ ಲೇಪಕ್ಕೆ ಪಾಲಿಯುರೆಥೇನ್ ವಾರ್ನಿಷ್ ಸಾಕು. ಶೆಲ್ಯಾಕ್ ಒಂದನ್ನೇ ಬಿಟ್ಟರೆ ಬಿಸಿ ಲೋಟ ಬಿಳಿ ಕಲೆ ಮಾಡುತ್ತದೆ. ಮಿನರಲ್ ಆಯಿಲ್ ಒಣಗುವುದೇ ಇಲ್ಲ. ಮೇಲೆ, ಕೆಳಗೆ ಎರಡೂ ಕಡೆ ಒಂದೇ ಸಮ ಹಚ್ಚಿ, ಇಲ್ಲದಿದ್ದರೆ ತೇವ ಒಂದೇ ಕಡೆ ಎಳೆದುಕೊಂಡು ಕೋಸ್ಟರ್ ಬಾಗುತ್ತದೆ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ದಿನಗಳು ಬೇಕು. ಡಬ್ಬಿಯ ಮೇಲೆ ಬರೆದಷ್ಟು ಸಮಯ ಕಾಯ್ದೇ ಮೊದಲ ಬಿಸಿ ಲೋಟ ಇಡಿ.