ಮಹೀಂದ್ರಾ ಜೀವೋ 245 ಅಥವಾ ಕುಬೋಟಾ ಬಿ2441: ಹಾವೇರಿ ಕಡೆಯ ಮೆಣಸಿನಕಾಯಿ, ಹತ್ತಿ ಹೊಲಕ್ಕೆ ಯಾವ ಸಣ್ಣ ಟ್ರ್ಯಾಕ್ಟರ್ ತಗೋಬೇಕು?

ನಿಮ್ಮ ಊರಿಗೆ ಯಾವ ಕಂಪನಿಯ ಮೆಕ್ಯಾನಿಕ್ ಬೇಗ ಬರುತ್ತಾರೋ, ಅದನ್ನೇ ತಗೊಳ್ಳಿ. ಎರಡೂ 24 ಎಚ್‌ಪಿ, ಎರಡರಲ್ಲೂ ಮುಂದಿನ ಗಾಲಿಗೂ ಎಂಜಿನ್ ಎಳೆತ ಸಿಗುತ್ತದೆ. ವ್ಯತ್ಯಾಸ ಇದೆ, ಆದರೆ ಶೋರೂಮಿನವರು ಹೇಳುವಷ್ಟಿಲ್ಲ.

ಯಾಕೆ ಅಂದ್ರೆ ನಮ್ಮ ಎರೆಭೂಮಿ ಹಾಗಿದೆ. ಮಳೆ ಬಿದ್ದರೆ ಗಾಲಿಗೆ ಅಂಟುತ್ತದೆ, ಒಣಗಿದರೆ ಗಟ್ಟಿಯಾಗಿ ಬಿರಿಯುತ್ತದೆ, ನಡುವೆ ಹದ ಸಿಗೋದು ಕೆಲವೇ ದಿನ. ಬಿತ್ತನೆ, ಎಡೆ ಹೊಡೆಯೋದು ಎಲ್ಲ ಅಷ್ಟರಲ್ಲೇ ಆಗಬೇಕು, ಆಗಲೇ ಒಂದು ಸೀಲ್ ಹೋಗಿ ಗಾಡಿ ನಿಂತರೆ ಹದವೂ ಹೋಯ್ತು, ಬಾಡಿಗೆ ಗಾಡಿಗೆ ಪಾಳಿ ಕಾಯೋದೂ ಬಂತು. ಹಾಗಾಗಿ ಬೆಲೆ ಕೇಳೋ ಮೊದಲು ಕ್ಲಚ್ ಪ್ಲೇಟ್, ಫಿಲ್ಟರ್, ಹೈಡ್ರಾಲಿಕ್ ಸೀಲ್ ಡೀಲರ್ ಹತ್ತಿರ ಸ್ಟಾಕ್ ಇದೆಯಾ ಕೇಳಿ. 'ಹುಬ್ಬಳ್ಳಿಯಿಂದ ತರಿಸ್ತೀವಿ' ಅಂದ್ರೆ ಎಷ್ಟು ದಿನಕ್ಕೆ ಅಂತಲೂ ಕೇಳಿ.

ಇನ್ನು ಎಂಜಿನ್. ಜೀವೋದ್ದು ಎರಡು ಸಿಲಿಂಡರ್, ಕುಬೋಟಾದ್ದು ಮೂರು. ಅದಕ್ಕೇ ಕುಬೋಟಾ ನಡುಗೋದು ಕಡಿಮೆ, ದಿನವಿಡೀ ಔಷಧಿ ಹೊಡೆಯೋರಿಗೆ ಮೈ ನೋವು ಅಷ್ಟಿರಲ್ಲ. ಜೀವೋ ಕಡಿಮೆ ಸುತ್ತಿನಲ್ಲೇ ಚೆನ್ನಾಗಿ ಎಳೆಯುತ್ತದೆ, ನಿಮ್ಮದು ರೋಟಾವೇಟರ್ (ಮಣ್ಣು ಪುಡಿ ಮಾಡೋ ಯಂತ್ರ) ಕೆಲಸ ಜಾಸ್ತಿ ಇದ್ದರೆ ನಾನು ಅದರ ಕಡೆಗೇ ವಾಲುತ್ತೇನೆ.

ಮುಂಗಡ ಕೊಡೋ ಮೊದಲು ಟೇಪ್ ಹಿಡಿದು ಗಾಲಿಯಿಂದ ಗಾಲಿಗೆ ಅಗಲ ಅಳೆಯಿರಿ. ನಿಮ್ಮ ಸಾಲಿನ ಅಂತರಕ್ಕೆ ಅದು ಕೂಡದಿದ್ದರೆ ಗಿಡ ತುಳಿಯುತ್ತದೆ, ಆಗ ಸಿಲಿಂಡರ್ ಎಷ್ಟಿದ್ದರೇನು!